ಪರದೆಯ ಮೇಲೆ ನೀರಿಲ್ಲ, ನೀರಿನ ಕೆಲಸ ನಿಮ್ಮದೇ

ಪ್ರಶ್ನೆ: ಮೇಡಂ, ಹತ್ತು ವರ್ಷದಿಂದ ಕಾಗದದ ಮೇಲೆ ವಾಟರ್ ಕಲರ್ ಮಾಡುತ್ತಿದ್ದೇನೆ. ಈಗ ಪೆನ್ ಟ್ಯಾಬ್ಲೆಟ್ ತಗೊಂಡು, ಕಂಪ್ಯೂಟರ್‌ಗೆ ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶ ಹಾಕಿಕೊಂಡಿದ್ದೇನೆ. ವಾಟರ್ ಕಲರ್ ಬ್ರಷ್ ಅಂತ ಇರುವುದನ್ನೆಲ್ಲ ಬಳಸಿ ನೋಡಿದೆ. ಪ್ಲಾಸ್ಟಿಕ್ ಹಾಳೆಗೆ ಬಣ್ಣ ಬಳಿದ ಹಾಗೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಕೈ ತಪ್ಪುತ್ತಿಲ್ಲ. ಕಾಗದದ ಮೇಲೆ ಅರ್ಧ ಕೆಲಸ ನೀರೇ ಮಾಡುತ್ತಿತ್ತು. ಬಣ್ಣದ ಕಣಗಳನ್ನು ಅಂಚಿಗೆ ಒಯ್ಯುತ್ತಿತ್ತು, ಹಾಳೆಯ ಗುಂಡಿಗಳಲ್ಲಿ ಇಳಿಸುತ್ತಿತ್ತು, ಇನ್ನೂ ಒದ್ದೆಯಿರುವ ಪಕ್ಕದ ಬಣ್ಣದೊಳಗೆ ನುಗ್ಗುತ್ತಿತ್ತು. ಕ್ರಿಟಾದಲ್ಲಿ ಆ ನೀರಿಲ್ಲ. ಅಲ್ಲಿನ ಬ್ರಷ್ ಒಂದು ಆಕಾರವನ್ನು ಒತ್ತೊತ್ತಾಗಿ ಠಸ್ಸೆ ಹೊಡೆಯುತ್ತಾ ಹೋಗುತ್ತದೆ, ಅಷ್ಟೇ. ಸ್ಲೊವಾಕಿಯಾದ ಎಸ್ಕೇಪ್ ಮೋಶನ್ಸ್ ಕಂಪನಿಯ ರೆಬೆಲ್, ಅಡೋಬಿಯ ಫ್ರೆಸ್ಕೋ ಇಂಥ ತಂತ್ರಾಂಶಗಳು ನೀರಿನ ಹರಿವನ್ನೇ ಲೆಕ್ಕ ಹಾಕುತ್ತವೆ. ಪೆನ್ ಎತ್ತಿದ ಮೇಲೂ ಬಣ್ಣ ಹರಡುತ್ತಿರುತ್ತದೆ. ಕ್ರಿಟಾ ಉಚಿತ, ಒಳ್ಳೆಯದು, ಬಿಡಬೇಡಿ. ಆದರೆ ಅಲ್ಲಿ ನೀರಿನ ಪಾಲಿನ ಕೆಲಸವನ್ನೂ ನೀವೇ ಮಾಡಬೇಕು.

ಮೊದಲು ನಿಮ್ಮದೇ ಹಳೆಯ ಚಿತ್ರವೊಂದನ್ನು ಕಿಟಕಿ ಬೆಳಕಿಗೆ ಹಿಡಿದು ಒಂದೇ ಒಂದು ಎಲೆಯನ್ನು ನೋಡಿ. ಎಲೆಯ ಸುತ್ತ ಕೂದಲೆಳೆಯಷ್ಟು ಗಾಢ ಗೆರೆ ಇರುತ್ತದೆ. ಆ ಗೆರೆಯನ್ನು ನೀವು ಎಳೆದಿಲ್ಲ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ಉಂಗುರ ಉಳಿಯುತ್ತದಲ್ಲ, ಅದೇ ಇದು. ಹನಿಯ ಅಂಚಿನಲ್ಲಿ ನೀರು ಬೇಗ ಆರುತ್ತದೆ. ಆ ಜಾಗ ತುಂಬಲು ನಡುವಿನಿಂದ ನೀರು ಹರಿದು ಬರುತ್ತದೆ, ಬರುವಾಗ ಕಣಗಳನ್ನೂ ತರುತ್ತದೆ. ಇನ್ನೂ ಹತ್ತಿರದಿಂದ ನೋಡಿ. ಗೆರೆ ಎಲ್ಲ ಕಡೆ ಒಂದೇ ಸಮ ಇಲ್ಲ. ನೀರು ನಿಂತ ಕಡೆ ದಪ್ಪ, ಬ್ರಷ್ ಒಣಗಿದ್ದ ಕಡೆ ಇಲ್ಲವೇ ಇಲ್ಲ.

ಈಗ ಅದನ್ನು ಕ್ರಿಟಾದಲ್ಲಿ ಮಾಡೋಣ. ಎ4 ಹಾಳೆ, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್), ಅಂದರೆ 2480 × 3508 ಪಿಕ್ಸೆಲ್. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ ಇದ್ದ ಹಾಗೆ. ಕೆಳಗಿನ ಲೇಯರ್‌ಗೆ ಸ್ವಲ್ಪ ಹಳದಿ ಬೆರೆತ ಬಿಳಿ ತುಂಬಿ. ಮೇಲೊಂದು ಹೊಸ ಲೇಯರ್ ತೆಗೆದು ಅದನ್ನು ಮಲ್ಟಿಪ್ಲೈಗೆ ಹಾಕಿ, ಆಗ ಕೆಳಗಿನ ಬಣ್ಣ ಮೇಲಿನದರ ಮೂಲಕ ಕಾಣುತ್ತಾ ಗಾಢವಾಗುತ್ತದೆ. ಎಫ್5 ಒತ್ತಿದರೆ ಬ್ರಷ್ ಎಡಿಟರ್ ತೆರೆಯುತ್ತದೆ. ಅಲ್ಲಿ ಬಿಲ್ಡ್ ಅಪ್ ಬಿಟ್ಟು ವಾಶ್ ಆರಿಸಿ. ಆಗ ಪೆನ್ ಎತ್ತುವವರೆಗೂ ಎಷ್ಟು ಸಲ ಉಜ್ಜಿದರೂ ಬಣ್ಣ ಒಂದೇ ಹದದಲ್ಲಿರುತ್ತದೆ. ಎತ್ತಿ ಮತ್ತೆ ಇಟ್ಟರೆ ಮಾತ್ರ ಎರಡನೇ ಪದರ ಕೂರುತ್ತದೆ. ಎಲೆಯನ್ನು ಪೆನ್ ಎತ್ತದೆ ಒಂದೇ ಉಸಿರಿಗೆ ತುಂಬಿ. ಆಮೇಲೆ ಲೇಯರ್‌ನ ಆಲ್ಫಾ ಲಾಕ್ ಮಾಡಿ. ಇನ್ನು ಬಣ್ಣ ಎಲೆಯಿಂದ ಹೊರಗೆ ಹೋಗುವುದಿಲ್ಲ. ಅದೇ ಹಸಿರನ್ನು ಒಂದು ಹದ ಗಾಢ ಮಾಡಿಕೊಂಡು, 20 ಪಿಕ್ಸೆಲ್‌ನ ಮೆದು ಏರ್‌ಬ್ರಷ್ ಹಿಡಿದು, ಎಲೆಯ ಮೇಲೆ ಅಲ್ಲ, ಎಲೆಯ ಹೊರಗೆ, ಅಂಚನ್ನು ಸವರಿಕೊಂಡು ಹೋಗಿ. ಬ್ರಷ್‌ನ ಒಂದು ಬದಿ ಮಾತ್ರ ಒಳಗೆ ಬಿದ್ದು ತೆಳುವಾದ ಗೆರೆ ಮೂಡುತ್ತದೆ. ಕೈ ಕೊಂಚ ಆಚೀಚೆ ಆಗುತ್ತದೆ, ಆಗಲಿ. ಬೇಕಾಗಿರುವುದೂ ಅದೇ. ಬೆಳಕು ಬೀಳುವ ಕಡೆ ಅಂಚನ್ನು ಹಾಗೇ ಬಿಡಿ. ಫೋಟೋಶಾಪ್‌ನಲ್ಲಿ ವೆಟ್ ಎಡ್ಜಸ್ ಎಂಬ ಆಯ್ಕೆ ಅಂಚನ್ನು ತಾನೇ ಗಾಢ ಮಾಡುತ್ತದೆ. ಆದರೂ ಕೈಯಿಂದ ಮಾಡಿದ ಅಂಚೇ ನನಗೆ ಇಷ್ಟ.

ಪ್ಲಾಸ್ಟಿಕ್ ಅನಿಸಲು ಇನ್ನೊಂದು ದೊಡ್ಡ ಕಾರಣ ಹಾಳೆಯ ತರಿ. ಬ್ರಷ್ ಬದಲಾದಂತೆ ತರಿಯೂ ಬದಲಾಗುತ್ತದೆ. ಆಕಾಶದಲ್ಲಿ ಒಂದು ಥರ, ಮರದಲ್ಲಿ ಇನ್ನೊಂದು ಥರ. ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಕಣ್ಣು ನಂಬುವುದಿಲ್ಲ. ಹಾಳೆ ಒಂದೇ ಅಲ್ವಾ? ಕ್ರಿಟಾದಲ್ಲಿ ಬ್ರಷ್‌ಗೆ ಕೊಟ್ಟ ಟೆಕ್ಸ್ಚರ್, ಅಂದರೆ ತರಿ, ಬ್ರಷ್ ಜೊತೆ ಓಡಾಡುವುದಿಲ್ಲ, ಕ್ಯಾನ್ವಾಸ್‌ಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಮೂರೇ ಬ್ರಷ್ ಇಟ್ಟುಕೊಳ್ಳಿ. ಮೂರಕ್ಕೂ ಒಂದೇ ಪ್ಯಾಟರ್ನ್, ಒಂದೇ ಅಳತೆ ಕೊಡಿ. ಮೊದಲ ಪದರದಲ್ಲಿ ಬಣ್ಣ ಇಳಿದ ಗುಂಡಿಯಲ್ಲೇ ಎರಡನೆಯದೂ ಇಳಿಯುತ್ತದೆ. ಪರದೆ ಹಾಳೆಯಾಗುವುದು ಅಲ್ಲಿಂದಲೇ.

ಬಿಳಿ ಬಣ್ಣ ಮುಟ್ಟಬೇಡಿ. ಮಲ್ಟಿಪ್ಲೈ ಲೇಯರ್‌ನಲ್ಲಿ ಬಿಳಿ ಕಾಣಿಸುವುದೂ ಇಲ್ಲ. ಕಾಗದದಲ್ಲಿ ಬಿಟ್ಟ ಹಾಗೇ ಇಲ್ಲೂ ಜಾಗ ಬಿಡಿ.

ಬೆಂಗಳೂರಿಗೆ ಬಂದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಕಡೆ ಹೋಗಿ ಎಂದು ನನ್ನ ವಿದ್ಯಾರ್ಥಿಗಳಿಗೆಲ್ಲ ಹೇಳುತ್ತೇನೆ. ನಿಮಗೂ ಹೇಳುತ್ತೇನೆ. ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು. ಬಣ್ಣ ಹಾಕಿ, ಒಣಗಿಸಿ, ನೀರಿನಲ್ಲಿ ತೊಳೆದು, ಮತ್ತೆ ಬಣ್ಣ ಹಾಕುವ ವಾಶ್ ಪದ್ಧತಿ ಅವನೀಂದ್ರನಾಥರ ಸುತ್ತ ಬೆಳೆದ ಬಂಗಾಳ ಶಾಲೆ ಎಂಬ ಕಲಾಪಂಥದ್ದು. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ನ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದಿದ್ದಾರೆ. ತೊಳೆಯುವ ಆ ಪದ್ಧತಿಯ ಗುಣವನ್ನು ಪರದೆಗೂ ತರಬಹುದು. ಚಿತ್ರ ಮುಗಿಯುವ ಹೊತ್ತಿಗೆ ಎಲ್ಲದರ ಮೇಲೆ ಇನ್ನೊಂದು ಮಲ್ಟಿಪ್ಲೈ ಲೇಯರ್ ಹಾಕಿ, ಬೂದು ನೀಲಿಯನ್ನು ಇಡೀ ಹಾಳೆಗೆ ತುಂಬಿ, ಒಪಾಸಿಟಿಯನ್ನು, ಅಂದರೆ ಲೇಯರ್ ಎಷ್ಟು ಗಟ್ಟಿಯಾಗಿ ಕಾಣಬೇಕೆಂಬ ಅಳತೆಯನ್ನು, ಶೇಕಡಾ 10–15ಕ್ಕೆ ಇಳಿಸಿ. ಬೆಳಕು ಬೇಕಾದ ಕಡೆ ಮೆದು ರಬ್ಬರ್‌ನಿಂದ ಒರೆಸಿ. ಬಿಡಿಬಿಡಿಯಾಗಿದ್ದ ಬಣ್ಣಗಳು ಒಂದೇ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತವೆ.

ಪ್ರಶ್ನೆ: ಹಳದಿಗೆ ನೀಲಿ ಬೆರೆಸಿದರೆ ಹಸಿರು ಬರಬೇಕು. ನನಗೆ ಬೂದಿ ಬಣ್ಣ ಬರುತ್ತಿದೆ. ನನ್ನ ಪರದೆ ಕೆಟ್ಟಿದೆಯೇ?
– ಧಾರವಾಡದ ವಿದ್ಯಾರ್ಥಿನಿ

ಉತ್ತರ: ಪರದೆ ಚೆನ್ನಾಗೇ ಇದೆ. ತುಂಬಾ ಜನ ಇಲ್ಲಿ ಎಡವುತ್ತಾರೆ, ಆದರೆ ಕೇಳುವವರು ಕಡಿಮೆ. ನೀವು ಕೇಳಿದ್ದು ಒಳ್ಳೆಯದಾಯಿತು.

ಪರದೆಯ ಬಣ್ಣ ಅಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕಿನ ಅಂಕಿಗಳು. ಅಚ್ಚ ಹಳದಿ 255, 255, 0. ಅಚ್ಚ ನೀಲಿ 0, 0, 255. ಸಾಮಾನ್ಯವಾಗಿ ಬ್ರಷ್ ಬೆರೆಸುವಾಗ ಇವೆರಡರ ಸರಾಸರಿ ತೆಗೆಯುತ್ತದೆ. ಮೂರೂ ಅಂಕಿ ಸುಮಾರು 128 ಆಗುತ್ತದೆ. ಅದು ಬೂದಿಯೇ. ಬಣ್ಣದ ಪುಡಿ ಹಾಗಲ್ಲ. ಹಳದಿ ಪುಡಿ ನೀಲಿ ಬೆಳಕನ್ನು ನುಂಗುತ್ತದೆ, ನೀಲಿ ಪುಡಿ ಕೆಂಪನ್ನು ನುಂಗುತ್ತದೆ. ಎರಡೂ ಉಳಿಸುವುದು ಹಸಿರನ್ನು.

ಕ್ರಿಟಾದಲ್ಲಿ ಸುಲಭದ ದಾರಿ ಇದೆ. ಬೆರೆಸಬೇಡಿ, ಒಂದರ ಮೇಲೊಂದು ಹಾಕಿ. ಕೆಳಗೆ 255, 230, 80ರ ಹಳದಿ. ಮೇಲೆ ಮಲ್ಟಿಪ್ಲೈ ಲೇಯರ್‌ನಲ್ಲಿ 150, 200, 255ರ ತಿಳಿ ನೀಲಿ. ಸೇರಿದ ಕಡೆ 150, 180, 80 ಆಗುತ್ತದೆ. ಎಳೆ ಬಾಳೆಲೆಗೆ ಹತ್ತಿರದ ಹಸಿರು. ಇದೇ ಎರಡನ್ನು ಸ್ಮಜ್ ಬ್ರಷ್‌ನಿಂದ ತಿಕ್ಕಿ ನೋಡಿ, ಸಪ್ಪೆಯಾದ ಮಾಸಲು ಬಣ್ಣ ಬರುತ್ತದೆ. ಒದ್ದೆಯಲ್ಲೇ ಹರಡಿದ ಹಾಗೆ ಬೇಕೆಂದರೆ ನಡುವೆ ಸ್ವಲ್ಪ ಹಸಿರನ್ನು ನೀವೇ ಇಟ್ಟು, ಆಮೇಲೆ ಎರಡೂ ಕಡೆಗೆ ಎಳೆಯಿರಿ.

ಪುಡಿಯ ಹಾಗೇ ಬೆರೆಯುವ ಲೆಕ್ಕವೂ ಬಂದಿದೆ. ಕುಬೆಲ್ಕಾ ಮತ್ತು ಮುಂಕ್ 1931ರಲ್ಲಿ ಕೊಟ್ಟ ಸೂತ್ರದ ಮೇಲೆ ನಿಂತಿರುವ ಮಿಕ್ಸ್‌ಬಾಕ್ಸ್ ಎಂಬ ವಿಧಾನ 2021ರಲ್ಲಿ ಬಂತು. ರೆಬೆಲ್‌ನ ಪ್ರೊ ಆವೃತ್ತಿಯಲ್ಲಿ ಅದಿದೆ. ಅದು ದುಡ್ಡು ಕೊಟ್ಟು ಕೊಳ್ಳುವಂಥದ್ದು. ಈಗಲೇ ಬೇಕಾಗಿಲ್ಲ.

ಪ್ರಶ್ನೆ: ಮೌಸ್‌ನಲ್ಲೇ ಇದನ್ನೆಲ್ಲ ಮಾಡಬಹುದಾ?
– ತುಮಕೂರಿನ ಓದುಗರು

ಉತ್ತರ: ಲೇಯರ್, ಬಣ್ಣ, ತರಿ ಎಲ್ಲ ಕಲಿಯಬಹುದು. ಗೆರೆ ಕಲಿಯಲು ಆಗುವುದಿಲ್ಲ. ಒತ್ತಿದಷ್ಟು ದಪ್ಪ, ಬಿಟ್ಟಷ್ಟು ತೆಳು ಆಗಬೇಕಾದರೆ ಒತ್ತಡ ತಿಳಿಯುವ ಪೆನ್ ಬೇಕೇ ಬೇಕು. ಪರದೆ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಸಾಕು. ಸೆಕೆಂಡ್ ಹ್ಯಾಂಡ್ ಸಿಕ್ಕರೂ ತಗೊಳ್ಳಿ.

ಪ್ರಶ್ನೆ: ಮೈಸೂರು ಶೈಲಿಯಲ್ಲಿ ಗೆಸ್ಸೋ ಎಂಬ ಗಟ್ಟಿ ಲೇಪದಿಂದ ಉಬ್ಬು ಕೆಲಸ ಮಾಡುತ್ತೇನೆ. ಆ ಉಬ್ಬು, ಚಾಕುವಿನಿಂದ ಬಳಿದ ದಪ್ಪ ಬಣ್ಣ, ಇವು ಕಂಪ್ಯೂಟರ್‌ನಲ್ಲಿ ಬರುತ್ತವೆಯೇ?
– ಮೈಸೂರಿನ ಕಲಾವಿದರು

ಉತ್ತರ: ಬರುತ್ತವೆ. ಉಬ್ಬು ಎಂದು ಕಣ್ಣಿಗೆ ಅನಿಸುವುದು ಒಂದು ಬದಿ ಬೆಳಕು, ಇನ್ನೊಂದು ಬದಿ ನೆರಳು ಇರುವುದರಿಂದ. ನೀವು ಮಾಡಬೇಕಾದ್ದೂ ಅಷ್ಟೇ.

ಬಣ್ಣದ ಚಿತ್ರ ಮುಗಿಸಿ. ಅದರ ಮೇಲೆ ಹೊಸ ಲೇಯರ್‌ಗೆ ಸರಿಯಾಗಿ ನಡು ಬೂದು, ಅಂದರೆ 128, 128, 128 ತುಂಬಿ. ಕೆಳಗಿನ ಚಿತ್ರ ಕಾಣಲು ಒಪಾಸಿಟಿ ಸ್ವಲ್ಪ ಇಳಿಸಿಕೊಳ್ಳಿ. ಈಗ ಒರಟು ಕೂದಲಿನ ಬ್ರಷ್‌ನಿಂದ, ಉಬ್ಬು ಬೇಕಾದ ಕಡೆ ಮಾತ್ರ, ತಿಳಿ ಬೂದು ಎಳೆಯಿರಿ. ಹಾರದ ಮಣಿ, ಸೀರೆಯ ಅಂಚು, ಕಿರೀಟದ ಸುಳಿ. ಗೆಸ್ಸೋ ಎಳೆಯುವ ಅಭ್ಯಾಸ ನಿಮಗಿದೆ. ಅದೇ ವೇಗ, ಅದೇ ತಿರುವು ಇರಲಿ. ಲೇಯರ್‌ನ ಒಂದು ಪ್ರತಿ ತೆಗೆದಿಟ್ಟು ಇದಕ್ಕೆ ಉಬ್ಬಿನ ಬೆಳಕು, ನೆರಳು ಮೂಡಿಸುವ ಎಂಬಾಸ್ ಫಿಲ್ಟರ್ ಹಾಕಿ, ಆಳ ಕಡಿಮೆ ಇರಲಿ. ಒಪಾಸಿಟಿ ಮತ್ತೆ ಪೂರ್ತಿ ಏರಿಸಿ ಲೇಯರನ್ನು ಓವರ್‌ಲೇಗೆ ಬದಲಾಯಿಸಿ. ನಡು ಬೂದು ಪೂರ್ತಿ ಮಾಯವಾಗುತ್ತದೆ. ಉಬ್ಬಿನ ಬೆಳಕು, ನೆರಳು ಮಾತ್ರ ಬಣ್ಣದ ಮೇಲೆ ಉಳಿಯುತ್ತವೆ.

ಚಾಕುವಿನ ಕೆಲಸಕ್ಕೆ ಇಷ್ಟು ಸುತ್ತಾಟ ಬೇಡ. ಕ್ರಿಟಾ 5ರಿಂದ ಕಲರ್ ಸ್ಮಜ್ ಬ್ರಷ್‌ಗಳಲ್ಲಿ ಬಣ್ಣದ ದಪ್ಪವನ್ನು ಹೆಚ್ಚು ಕಡಿಮೆ ಮಾಡುವ ಆಯ್ಕೆ ಬಂದಿದೆ. ಎಳೆದಾಗಲೇ ಕೂದಲಿನ ಗೀರು ಎದ್ದು ಕಾಣುತ್ತದೆ. ಬೆಳಕಿನ ಜಾಗದಲ್ಲಿ ದಪ್ಪ ಹಾಕಿ, ನೆರಳಲ್ಲಿ ತೆಳ್ಳಗೆ ಬಿಡಿ. ಎಲ್ಲ ಕಡೆ ದಪ್ಪವಾದರೆ ದಪ್ಪ ಅನಿಸುವುದೇ ಇಲ್ಲ.

ಎರಡು ವಿಷಯದಲ್ಲಿ ಮಾತ್ರ ಹುಷಾರು. ಉಬ್ಬಿನ ಬೆಳಕು ಬರುವ ದಿಕ್ಕೂ ಚಿತ್ರದೊಳಗಿನ ಬೆಳಕಿನ ದಿಕ್ಕೂ ಒಂದೇ ಆಗಿರಬೇಕು. ಮತ್ತೆ ಮೈಸೂರು ಶೈಲಿಯ ಗೆಸ್ಸೋ ತಂಜಾವೂರಿನದ್ದಕ್ಕಿಂತ ತೆಳು, ನಿಮಗೆ ಗೊತ್ತಿರುವುದೇ. ಫಿಲ್ಟರ್‌ನ ಆಳ ಜಾಸ್ತಿ ಮಾಡಿದ ತಕ್ಷಣ ನಿಮ್ಮ ದೇವಿ ತಂಜಾವೂರಿಗೆ ಹೊರಟುಬಿಡುತ್ತಾಳೆ. ಪರದೆಯಲ್ಲಿ ನೂರಕ್ಕೆ ನೂರು ಅಳತೆಗೆ ಹಿಗ್ಗಿಸಿ ನೋಡಿ, ಗೆರೆ ಹಾಳೆಯಿಂದ ಒಂದು ಚೂರು ಎದ್ದಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ.