ಪ್ರತಿಕ್ರಿಯೆ: ಕಾಟನ್ ಶರ್ಟ್ ಆರೇ ತಿಂಗಳಿಗೆ ಕಂಕುಳಲ್ಲಿ ಹರಿಯುತ್ತದೆ, ಮಂಗಳೂರಿನ ಸೆಕೆಗೆ ಯಾವ ಬಟ್ಟೆ ತಗೊಳ್ಳಲಿ?

ಬಹುಶಃ ಬಟ್ಟೆ ತೀರಾ ತೆಳು, ಜೊತೆಗೆ ಫಿಟ್ಟಿಂಗ್ ಬಿಗಿ. ಆದರೆ ಮೊದಲು ಹರಿದ ಜಾಗ ನೋಡಿ. ಹೊಲಿಗೆ ಮಾತ್ರ ಬಿಟ್ಟಿದ್ದರೆ ಬಟ್ಟೆಯ ತಪ್ಪಲ್ಲ, ಟೈಲರ್ ಹತ್ತಿರ ಇನ್ನೊಂದು ಹೊಲಿಗೆ ಹಾಕಿಸಿದರೆ ಸಾಕು.

ಬಟ್ಟೆಯೇ ಸವೆದು ಹರಿದಿದ್ದರೆ ಮುಂದಿನ ಸಲ ಹಂಪನಕಟ್ಟೆಯ ಬಟ್ಟೆ ಅಂಗಡಿಗೆ ಹೋದಾಗ 40 ಕೌಂಟಿನ ಪಾಪ್ಲಿನ್ ಕೇಳಿ. ಪಾಪ್ಲಿನ್ ಅಂದರೆ ಒತ್ತಾಗಿ ನೇಯ್ದ ನುಣುಪು ಶರ್ಟ್ ಬಟ್ಟೆ, ಕೌಂಟ್ ಅಂದರೆ ನೂಲು ಎಷ್ಟು ಸಪೂರ ಅನ್ನುವ ಅಳತೆ. 80 ಕೌಂಟಿನದ್ದು ಕೈಗೆ ಬೆಣ್ಣೆ ಹಾಗಿರುತ್ತದೆ ನಿಜ, ಆದರೆ ಕೌಂಟ್ ಜಾಸ್ತಿಯಾದಷ್ಟು ನೂಲು ಸಪೂರ. ಒಗೆಯುವ ಕಲ್ಲಿಗೆ ಅದು ತಡೆಯೋದಿಲ್ಲ. ಆಕ್ಸ್‌ಫರ್ಡ್ ಅನ್ನುವ ದಪ್ಪ ನೇಯ್ಗೆಯ ಶರ್ಟ್ ಬಟ್ಟೆ ಇನ್ನೂ ಗಟ್ಟಿ, ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಎರಡು ದಿನ ಫ್ಯಾನ್ ಕೆಳಗೆ ಹಾಕಿದರೂ ಕಾಲರ್ ಹಸಿಯೇ. ನಾನಂತೂ ಬಿಟ್ಟೆ.

ಅಂಗಡಿಯಲ್ಲೇ ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ. ಬಿಳಿ ಪುಡಿ ಉದುರಿದರೆ ಅದು ಗಂಜಿಯ ದಪ್ಪ, ಒಗೆದ ಮೇಲೆ ಇರೋದಿಲ್ಲ. ಆಮೇಲೆ ಅಂಚಿನ ಒಂದು ನೂಲು ಕಿತ್ತು, ಹೊರಗೆ ಬಂದು ಸುಡಿ. ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ ಬಂದರೆ ಬಹುಶಃ ಹತ್ತಿಯೇ. ಕರಗಿ ಗಟ್ಟಿ ಗಂಟಾದರೆ ಪಾಲಿಯೆಸ್ಟರ್ ಸೇರಿದೆ. ಅದು ಬಾಳಿಕೆ ಬರುತ್ತದೆ, ಆದರೆ ನಮ್ಮ ಸೆಕೆಗೆ ಬೆನ್ನಿಗೆ ಅಂಟುತ್ತದೆ ಅಲ್ವಾ?

ತಂದ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಹೊಲಿಯಲು ಕೊಡಿ. ಕುಗ್ಗುವುದೆಲ್ಲ ಹೆಚ್ಚುಕಡಿಮೆ ಆಗಲೇ ಮುಗಿದಿರುತ್ತದೆ. ಕಂಕುಳಲ್ಲಿ ಸ್ವಲ್ಪ ಸಡಿಲ ಇಡಲು ಹೇಳಿ.