ಕೆಸರು ನೀರು ಮತ್ತು ಬೆಳಕಿನ ಚಿಮುಟ

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣದ ಹತ್ತಿರ, ಹೊಳೆ ದಂಡೆಯ ಊರು. ಮಳೆಗಾಲದಲ್ಲಿ ಕಾವೇರಿ ನೀರು ಕೆಂಪಗೆ ಬರುತ್ತದೆ. ಬಿಂದಿಗೆಯಲ್ಲಿ ರಾತ್ರಿಯೆಲ್ಲ ಇಟ್ಟರೂ ಕದಡಿಕೊಂಡೇ ಇರುತ್ತದೆ. ಪಟಿಕ ಆಡಿಸಿದರೆ ಮಾತ್ರ ಸ್ವಲ್ಪ ಹೊತ್ತಿಗೆ ತಿಳಿ. ಬಿ.ಎಸ್ಸಿ. ಓದುವ ಮಗಳು, "ಮಣ್ಣಿನ ಕಣಗಳು ಒಂದನ್ನೊಂದು ತಳ್ಳುತ್ತವೆ ಅಪ್ಪ, ಇಂಥ ಬಲವನ್ನ ಅಳೆದೂ ಇದ್ದಾರೆ" ಅನ್ನುತ್ತಾಳೆ. ಕಣ್ಣಿಗೇ ಕಾಣದ್ದನ್ನು ಯಾವ ತಕ್ಕಡಿಯಲ್ಲಿ ಅಳೆಯೋದು?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಮಗಳು ಹೇಳಿದ್ದು ಸರಿ. ಜೇಡಿಮಣ್ಣಿನ ಕಣಗಳ ಮೈಮೇಲೆ ನೀರಿನಲ್ಲಿ ಋಣ ಚಾರ್ಜ್ ಇರುತ್ತದೆ. ಎಲ್ಲದಕ್ಕೂ ಅದೇ ಚಾರ್ಜ್, ಹಾಗಾಗಿ ಹತ್ತಿರ ಬಂದರೆ ತಳ್ಳಾಟ. ಕೂಡಿಕೊಂಡು ದಪ್ಪ ಆದರೆ ತಾನೇ ತಳಕ್ಕೆ ಇಳಿಯೋದು?

ಇನ್ನು ತಕ್ಕಡಿ. ಬಲವನ್ನು ಅಳೆಯುವ ಮಾನ ನ್ಯೂಟನ್; 100 ಗ್ರಾಂ ಬೆಲ್ಲದ ತೂಕ ಹೆಚ್ಚುಕಮ್ಮಿ ಒಂದು ನ್ಯೂಟನ್. ಇಲ್ಲಿ ಅಳೆಯಬೇಕಾದ್ದು ಅದರ ಲಕ್ಷ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ಸಾಲದ್ದಕ್ಕೆ, ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತ ಕಣವನ್ನು ನಿಂತಲ್ಲಿ ನಿಲ್ಲೋಕೆ ಬಿಡಲ್ಲ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಕಂಡ ಕುಣಿತ ಇದೇ.

ಜಾಣತನ ಏನೆಂದರೆ, ಆ ಕುಣಿತವನ್ನೇ ತಕ್ಕಡಿ ಮಾಡಿಕೊಂಡದ್ದು. ಗದ್ದೆ ಬದುವಿನ ಹುಲ್ಲು ಎಲ್ಲಿ ಸವೆದಿದೆ ಅಂತ ನೋಡಿದರೆ ಜನ ಎಲ್ಲಿ ಜಾಸ್ತಿ ಓಡಾಡುತ್ತಾರೆ ಅಂತ ಗೊತ್ತಾಗುತ್ತದೆ ಅಲ್ವಾ? ಹಾಗೆಯೇ, ಎರಡು ಕಣಗಳು ಯಾವ ಅಂತರದಲ್ಲಿ ಜಾಸ್ತಿ ಸಿಗುತ್ತವೆ, ಯಾವುದರಲ್ಲಿ ಸಿಗೋದೇ ಇಲ್ಲ ಅಂತ ಎಣಿಸಿದರೆ ನಡುವಿನ ಬಲದ ಲೆಕ್ಕ ಸಿಗುತ್ತದೆ. 1994ರಲ್ಲಿ ಭೌತವಿಜ್ಞಾನಿಗಳಾದ ಜಾನ್ ಕ್ರಾಕರ್ ಮತ್ತು ಡೇವಿಡ್ ಗ್ರಿಯರ್ ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಚಿಕ್ಕ ಪ್ಲಾಸ್ಟಿಕ್ ಗೋಲಿಗಳನ್ನು ಲೇಸರ್ ಬೆಳಕಿನ ಚಿಮುಟದಲ್ಲಿ, ಅಂದರೆ ಒಂದೇ ಬಿಂದುವಿಗೆ ಕೂಡಿಸಿದ ಬೆಳಕಿನಲ್ಲಿ, ಹಿಡಿದು ಹತ್ತಿರ ತಂದರು. (ಈ ಚಿಮುಟ ಕಂಡುಹಿಡಿದ ಆರ್ಥರ್ ಆಶ್ಕಿನ್‌ಗೆ ನೊಬೆಲ್ ಬಂದದ್ದು 2018ರಲ್ಲಿ, 96ನೇ ವಯಸ್ಸಿಗೆ!) ಬೆಳಕು ಆರಿಸೋದು, ಗೋಲಿಗಳು ಎತ್ತ ಸರಿಯುತ್ತವೆ ಅಂತ ವಿಡಿಯೊ ತೆಗೆಯೋದು, ಮತ್ತೆ ಹಿಡಿಯೋದು, ಮತ್ತೆ ಬಿಡೋದು. ಹೀಗೆ ಸಾವಿರಾರು ಸಲ. ಚಿಮುಟದ ಎಳೆತ ಲೆಕ್ಕದಲ್ಲಿ ಸೇರಬಾರದಲ್ಲ, ಅದಕ್ಕೇ ಬೆಳಕು ಆರಿಸೋದು.

ಈ ವಿಧಾನವೂ ಒಮ್ಮೆ ಯಾಮಾರಿಸಿತು. ಗಾಜಿನ ಗೋಡೆ ಹತ್ತಿರ ಒಂದೇ ಚಾರ್ಜಿನ ಗೋಲಿಗಳು ತಳ್ಳುವ ಬದಲು ಒಂದನ್ನೊಂದು ಎಳೆದಂತೆ ಕಂಡವು! ವರ್ಷಗಟ್ಟಲೆ ತಲೆ ಕೆರೆದುಕೊಂಡರು. 2000ದಲ್ಲಿ ಸ್ಕ್ವೈರ್ಸ್ ಮತ್ತು ಬ್ರೆನ್ನರ್ ಎಂಬ ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಗೋಡೆಗೂ ಅದೇ ಚಾರ್ಜ್. ಅದು ಗೋಲಿಗಳನ್ನು ತನ್ನಿಂದ ದೂರ ತಳ್ಳುತ್ತದೆ. ಅವು ಸರಿಯುವಾಗ ನೀರು ಹರಿದು, ಆ ಹರಿವು ಎರಡನ್ನೂ ಹತ್ತಿರ ತರುತ್ತದೆ. ಎಳೆತ ಗೀಳೆತ ಏನಿಲ್ಲ, ಸುಮ್ನೆ ನೀರಿನ ಆಟ.

ನಿಮ್ಮ ಪಟಿಕಕ್ಕೆ ಬರೋಣ. ಪೂರ್ತಿ ಶುದ್ಧ ನೀರಿನಲ್ಲಿ ಈ ತಳ್ಳಾಟ ಸುಮಾರು ಒಂದು ಮೈಕ್ರಾನ್ ದೂರ ಮುಟ್ಟುತ್ತದೆ. ಲೀಟರಿಗೆ 6 ಗ್ರಾಂ ಉಪ್ಪು ಹಾಕಿದರೆ ಅದರ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಉಪ್ಪಿನ ಧನ ಅಯಾನುಗಳು (ಧನ ಚಾರ್ಜ್ ಇರುವ ಪರಮಾಣುಗಳು) ಕಣವನ್ನು ಮುತ್ತಿಕೊಂಡು ಅದರ ಚಾರ್ಜನ್ನು ಮರೆ ಮಾಡುತ್ತವೆ. ಪಟಿಕದ ಅಲ್ಯೂಮಿನಿಯಂ ಅಯಾನಿಗೆ ಮೂರು ಪಟ್ಟು ಚಾರ್ಜ್, ಹಾಗಾಗಿ ಚಿಟಿಕೆ ಸಾಕು. ಜೊತೆಗೆ ಅದು ನೀರಿನಲ್ಲಿ ಹಿಂಜಿದ ಅರಳೆಯಂಥ ಲೋಳೆಯಾಗಿ, ಮಣ್ಣನ್ನು ಬಾಚಿಕೊಂಡು ಇಳಿಯುತ್ತದೆ. ಬಿಂದಿಗೆ ತಳದ ಕೆಂಪು ಗಸಿ ಅದೇ.

ಒಂದು ಮಾತು: ಪಟಿಕ ರೋಗಾಣುಗಳನ್ನೆಲ್ಲ ತೆಗೆಯಲ್ಲ. ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು, ಚೆನ್ನಾಗಿ ಕುದಿಸಿಯೇ ಕುಡಿಯಿರಿ.