ಓಸಿ ಚೀಟಿ ಬರೆಯುವವನೂ ಸಂಘಟಿತ ಅಪರಾಧಿ ಆಗ್ತಾನಾ?

ಹುಬ್ಬಳ್ಳಿಯಲ್ಲಿ ಓಸಿ (ನಂಬರ್ ಮೇಲೆ ರೊಕ್ಕ ಕಟ್ಟುವ ಮಟಕಾ ಜೂಜು) ಬರೆಯುತ್ತಾ ಸಿಕ್ಕಿಬಿದ್ದ ನಿಮ್ಮ ಓಣಿಯ ಹುಡುಗನ ಬಗ್ಗೆ ಕೇಳಿದ್ದೀರಿ. ಸುಮ್ನೆ ಗಾಬರಿಯಾಗಬೇಡಿ, ಅಷ್ಟು ಸುಲಭಕ್ಕೆ ಹಾಗಾಗುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧದ್ದು. ಸುಲಿಗೆ, ಅಪಹರಣ, ಭೂಕಬಳಿಕೆ, ಸುಪಾರಿ ಕೊಲೆ, ಸೈಬರ್ ಅಪರಾಧ ಎಲ್ಲ ಅದರಲ್ಲಿವೆ. ಇಬ್ಬರಿದ್ದರೂ ಗ್ಯಾಂಗ್ ಅಂತಲೇ ಲೆಕ್ಕ. ಆದರೆ ಅದು ನಡೆದುಕೊಂಡು ಬಂದ ದಂಧೆ ಆಗಿರಬೇಕು: 3 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ, ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಬಿದ್ದು, ಕೋರ್ಟ್ ಅವನ್ನು ಪರಿಗಣಿಸಿರಬೇಕು. ಶಿಕ್ಷೆ ಕನಿಷ್ಠ 5 ವರ್ಷ, ದಂಡ ಕನಿಷ್ಠ 5 ಲಕ್ಷ. ಅಪರಾಧದಿಂದ ಯಾರಾದರೂ ಸತ್ತಿದ್ದರೆ ಗಲ್ಲು ಅಥವಾ ಜೀವಾವಧಿ.

ನಿಮ್ಮ ಹುಡುಗನಿಗೆ ಹತ್ತಿರ ಬರುವುದು ಅದೇ ಸಂಹಿತೆಯ 112ನೇ ಕಲಂ, ಅಂದರೆ ಸಣ್ಣ ಮಟ್ಟದ ಸಂಘಟಿತ ಅಪರಾಧ. ಗುಂಪಿನ ಸದಸ್ಯನಾಗಿ ಮಾಡಿದ ಕಳ್ಳತನ, ಅನಧಿಕೃತ ಬೆಟ್ಟಿಂಗ್, ಜೂಜು, ಪ್ರಶ್ನೆಪತ್ರಿಕೆ ಮಾರಾಟಕ್ಕೆಲ್ಲ 1ರಿಂದ 7 ವರ್ಷ. ಚಹಾ ಅಂಗಡಿ ಕಟ್ಟೆ ಮೇಲೆ ಕೂತು ಬೆರಳಗಲದ ಚೀಟಿಯಲ್ಲಿ ನಂಬರ್ ಬರೆಯುವ ಹುಡುಗ ಸಂಜೆ ರೊಕ್ಕ ಮೇಲಿನವನಿಗೆ ಮುಟ್ಟಿಸುತ್ತಾನೆ, ಅಲ್ವಾ? ಆ ಮೇಲಿನವನ ಜೊತೆಗಿನ ನಂಟನ್ನೇ ಪೊಲೀಸರು ಸಾಬೀತು ಮಾಡಬೇಕು. ಬರೀ ಮಟಕಾ ಕೇಸಿಗೆ ರಾಜ್ಯದ ಪೊಲೀಸ್ ಕಾಯ್ದೆಯ 78ನೇ ಕಲಂ ಇದೆ.

ನಮ್ಮ ರಾಜ್ಯಕ್ಕೆ ಪ್ರತ್ಯೇಕವಾಗಿ ಕೋಕಾ (ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ) ಕಾಯ್ದೆಯೂ ಇದೆ. ಅದು ಇನ್ನೂ ಬಿಗಿ. ಎಸ್‌ಪಿ ದರ್ಜೆಯ ಅಧಿಕಾರಿ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಅಲ್ಲಿ ಸಾಕ್ಷ್ಯವಾಗಬಹುದು. ಹಾಗಾಗಿ ಹಿರಿಯ ಅಧಿಕಾರಿಯ ಅನುಮತಿ ಇಲ್ಲದೆ ಅದನ್ನು ಹಾಕುವಂತಿಲ್ಲ, ಅದು ಸರಿಯಾದದ್ದೇ.

ಮೊದಲು ಎಫ್‌ಐಆರ್ ಪ್ರತಿ ತೆಗೆದುಕೊಂಡು ಯಾವ ಕಲಂ ಬಿದ್ದಿದೆ ನೋಡಿ. ವಕೀಲರಿಗೆ ರೊಕ್ಕ ಇಲ್ಲದಿದ್ದರೆ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.